ಕಾಣದ ಬೆಳಕನ್ನು ಅಳೆದ ವಿಲಿಯಂ ಹರ್ಷೆಲ್

ಟಿ.ವಿ. ರಿಮೋಟಿನ ಗುಂಡಿ ಒತ್ತಿದಾಗ ಅದರ ಮೂತಿಯಲ್ಲಿರುವ ಪುಟ್ಟ ಎಲ್‌ಇಡಿ ಬೆಳಗುತ್ತದೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಅನುಮಾನವಿದ್ದವರು ಮೊಬೈಲಿನ ಕ್ಯಾಮೆರಾ, ಅದರಲ್ಲೂ ಸೆಲ್ಫಿ ತೆಗೆಯುವ ಮುಂದಿನ ಕ್ಯಾಮೆರಾ ಆನ್ ಮಾಡಿ, ರಿಮೋಟನ್ನು ಅದರತ್ತ ಹಿಡಿದು ಗುಂಡಿ ಒತ್ತಿ ನೋಡಿ. ನಸು ನೇರಳೆ ಬಣ್ಣದ ಮಿಣುಕು ಕಂಡೀತು. ಅದೇ ಅವಕೆಂಪು ಕಿರಣ, ಅಂದರೆ ಇನ್ಫ್ರಾರೆಡ್. ಇದನ್ನು ಮೊದಲು ಕಂಡುಹಿಡಿದವನ ಬಳಿ ಎಲ್‌ಇಡಿಯಿರಲಿ, ವಿದ್ಯುತ್ತೂ ಇರಲಿಲ್ಲ. ಕಾಲೇಜು ಮೆಟ್ಟಿಲು ಹತ್ತಿದವನೂ ಅಲ್ಲ. ಹೊಟ್ಟೆಪಾಡಿಗೆ ಅವನು ನಂಬಿದ್ದು ಸಂಗೀತವನ್ನು.

ವಿಲಿಯಂ ಹರ್ಷೆಲ್ ಹುಟ್ಟಿದ್ದು 1738ರ ನವೆಂಬರ್ 15ರಂದು, ಜರ್ಮನಿಯ ಹ್ಯಾನೋವರಿನಲ್ಲಿ. ತಂದೆ ಸೈನ್ಯದ ವಾದ್ಯಮೇಳದಲ್ಲಿ ಓಬೋ ಎಂಬ ವಾದ್ಯ ನುಡಿಸುತ್ತಿದ್ದ. ಮಗನೂ ಹುಡುಗನಾಗಿದ್ದಾಗಲೇ ಅದೇ ಮೇಳಕ್ಕೆ ಸೇರಿದ. 1757ರಲ್ಲಿ ಫ್ರೆಂಚರು ಹ್ಯಾನೋವರಿನ ಮೇಲೆ ದಂಡೆತ್ತಿ ಬಂದಾಗ ಹತ್ತೊಂಬತ್ತರ ಆಸುಪಾಸಿನ ಈ ಯುವಕ ಇಂಗ್ಲೆಂಡಿಗೆ ತಪ್ಪಿಸಿಕೊಂಡು ಹೋದ. ಅಲ್ಲಿ ಸಂಗೀತದ ಪಾಠ ಹೇಳಿದ, ಸ್ವರ ಬರೆದ, ಊರೂರು ಅಲೆದ. 1766ರಲ್ಲಿ ಬಾತ್ ನಗರದ ಒಂದು ಪ್ರಾರ್ಥನಾ ಮಂದಿರದಲ್ಲಿ ಆರ್ಗನ್ ನುಡಿಸುವ ಕೆಲಸ ಸಿಕ್ಕಿ, ಬದುಕು ಒಂದು ದಡಕ್ಕೆ ಬಂತು.

ಅವನ ತಂಗಿ ಕ್ಯಾರೊಲಿನ್ ವಿಷಯ ಹೇಳದಿದ್ದರೆ ಈ ಕಥೆ ಅರ್ಧವೇ. ಬಾಲ್ಯದಲ್ಲಿ ವಿಷಮ ಜ್ವರ ಬಂದು ಅವಳ ಬೆಳವಣಿಗೆ ನಾಲ್ಕೂಕಾಲು ಅಡಿಗೆ ನಿಂತುಹೋಗಿತ್ತು. ಈ ಹುಡುಗಿಗೆ ಮದುವೆಯಾಗುವುದಿಲ್ಲ, ಮನೆಗೆಲಸ ಕಲಿತರೆ ಸಾಕು, ಓದು ಬೇಡ ಎಂಬುದು ತಾಯಿಯ ತೀರ್ಮಾನ. 1772ರಲ್ಲಿ ಅಣ್ಣ ಬಂದು ಅವಳನ್ನು ಬಾತ್‌ಗೆ ಕರೆದುಕೊಂಡು ಹೋದ. ಅವಳ ಬದಲಿಗೆ ಮನೆಗೆಲಸಕ್ಕೆ ಆಳನ್ನಿಟ್ಟುಕೊಳ್ಳಲು ತಾಯಿಗೆ ಹಣ ಕೊಡುವ ಏರ್ಪಾಡನ್ನೂ ಅವನೇ ಮಾಡಬೇಕಾಯಿತು.

ಅದರ ಮರುವರ್ಷ ಹರ್ಷೆಲ್‌ಗೆ ಆಕಾಶದ ಹುಚ್ಚು ಹಿಡಿಯಿತು. ದೊಡ್ಡ ದೂರದರ್ಶಕ ಕೊಳ್ಳಲು ದುಡ್ಡಿಲ್ಲದ್ದರಿಂದ ತಾನೇ ಮಾಡಲು ಕುಳಿತ. ಆಗಿನ ಕನ್ನಡಿಗಳು ಗಾಜಿನವಲ್ಲ. ತಾಮ್ರ ಮತ್ತು ತವರ ಕರಗಿಸಿ ಎರಕ ಹೊಯ್ದು, ಕೈಯಿಂದ ಉಜ್ಜಿ ಹೊಳಪು ಕೊಡಬೇಕಿತ್ತು. ಒಮ್ಮೆ ಹದಿನಾರು ಗಂಟೆ ಕೈಯೆತ್ತದೆ ಉಜ್ಜಿದಾಗ ಕ್ಯಾರೊಲಿನ್ ಅವನ ಬಾಯಿಗೆ ತುತ್ತು ಇಟ್ಟಳಂತೆ. ಎರಕದ ಅಚ್ಚಿಗೆ ಬೇಕಾದ ಕುದುರೆ ಲದ್ದಿಯನ್ನು ಕುಟ್ಟಿ ಜರಡಿ ಹಿಡಿದವಳೂ ಅವಳೇ. ಒಂದು ಸಲ ಕಾದ ಲೋಹ ಸೋರಿ ನೆಲದ ಕಲ್ಲುಚಪ್ಪಡಿಗಳ ಮೇಲೆ ಹರಿದು, ಕಲ್ಲುಗಳು ಸಿಡಿದು ಸೂರಿಗೆ ಬಡಿದವು. ಎಲ್ಲರೂ ಓಡಿ ಜೀವ ಉಳಿಸಿಕೊಂಡರು.

1781ರ ಮಾರ್ಚ್ 13ರ ರಾತ್ರಿ ಇದೇ ಮನೆಯ ಹಿತ್ತಲಿನಿಂದ ಅವನು ಚುಕ್ಕಿಯಂತಿರದೆ ಸಣ್ಣ ಬಿಲ್ಲೆಯಂತೆ ಕಂಡ ಒಂದು ಕಾಯವನ್ನು ಗುರುತಿಸಿದ. ಧೂಮಕೇತುವೆಂದುಕೊಂಡದ್ದು ಹೊಸ ಗ್ರಹವೇ ಆಗಿತ್ತು, ಅದೇ ಯುರೇನಸ್. ಹರ್ಷೆಲ್ ಮಾತ್ರ ಅದಕ್ಕೆ ದೊರೆ ಮೂರನೇ ಜಾರ್ಜನ ಹೆಸರಿಟ್ಟ. ದೊರೆ ವರ್ಷಕ್ಕೆ 200 ಪೌಂಡ್ ಸಂಬಳ ಗೊತ್ತುಮಾಡಿದ. ಸಂಗೀತದ ಗಳಿಕೆಗಿಂತ ಅದು ಕಡಿಮೆ, ಆದರೂ ಒಪ್ಪಿಕೊಂಡು ಸಂಗೀತ ಬಿಟ್ಟ. ಕ್ಯಾರೊಲಿನ್‌ಗೂ 1787ರಿಂದ 50 ಪೌಂಡ್ ಬರತೊಡಗಿತು. ಅವಳು ಸ್ವತಃ ಎಂಟು ಧೂಮಕೇತುಗಳನ್ನು ಕಂಡುಹಿಡಿದಳು. (ಈ ಯುರೇನಸ್ಸಿಗೆ ಉಂಗುರಗಳಿರುವುದು ತಿಳಿದದ್ದು 1977ರ ಮಾರ್ಚ್ 10ರಂದು ಅದು ನಕ್ಷತ್ರವೊಂದನ್ನು ಮರೆಮಾಡಿದಾಗ. ಅಂದು ವೀಕ್ಷಣೆ ನಡೆಸಿದವರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕಾವಲೂರು ವೀಕ್ಷಣಾಲಯದವರೂ ಇದ್ದರು.)

ಗ್ರಹ ಕಂಡುಹಿಡಿದದ್ದಕ್ಕಿಂತ 1800ರಲ್ಲಿ ಅವನು ಮಾಡಿದ ಕೆಲಸವೇ ನನಗೆ ದೊಡ್ಡದಾಗಿ ಕಾಣುತ್ತದೆ. ಆಗ ಅವನಿಗೆ ಅರವತ್ತೊಂದು ವರ್ಷ. ಸೂರ್ಯನನ್ನು ನೋಡಲು ದೂರದರ್ಶಕಕ್ಕೆ ಬೇರೆ ಬೇರೆ ಬಣ್ಣದ ಗಾಜು ಅಡ್ಡ ಇಡುತ್ತಿದ್ದ. ಕೆಲವು ಗಾಜಿನಲ್ಲಿ ಬೆಳಕು ಮಂದವಾಗಿದ್ದರೂ ಕಣ್ಣಿಗೆ ಬಿಸಿ ತಾಗುತ್ತಿತ್ತು. ಇನ್ನು ಕೆಲವು ಬೆಳಕು ಬಿಟ್ಟರೂ ಬಿಸಿ ಬಿಡುತ್ತಿರಲಿಲ್ಲ. ಹಾಗಾದರೆ ಬಣ್ಣಬಣ್ಣಕ್ಕೂ ಶಾಖ ಬೇರೆಯೇ?

ಕಿಟಕಿಯಿಂದ ಬಂದ ಬಿಸಿಲನ್ನು ಗಾಜಿನ ಪ್ರಿಸಂ ಮೂಲಕ ಹಾಯಿಸಿ ಮೇಜಿನ ಮೇಲೆ ಏಳು ಬಣ್ಣ ಬೀಳುವಂತೆ ಮಾಡಿದ. ಬುರುಡೆಗೆ ಕಪ್ಪು ಬಳಿದ ಥರ್ಮಾಮೀಟರುಗಳನ್ನು ತಂದ. ಒಂದನ್ನು ಬಣ್ಣದೊಳಗೆ ಇಟ್ಟ, ಉಳಿದವನ್ನು ಪಕ್ಕದ ನೆರಳಿನಲ್ಲಿ ಇಟ್ಟ. ಕೋಣೆಯೇ ಬಿಸಿಯಾದರೆ ನೆರಳಿನವೂ ಏರುತ್ತವೆ, ಬಣ್ಣದ ಪ್ರಭಾವವಾದರೆ ಒಳಗಿನದೊಂದೇ ಏರುತ್ತದೆ. ಪ್ರಯೋಗದ ಪ್ರಾಣವಿರುವುದು ಈ ನೆರಳಿನ ಥರ್ಮಾಮೀಟರುಗಳಲ್ಲಿ. ಸರಾಸರಿಯಲ್ಲಿ ನೇರಳೆಯಲ್ಲಿ 2 ಡಿಗ್ರಿ, ಹಸಿರಿನಲ್ಲಿ ಮೂರೂಕಾಲು, ಕೆಂಪಿನಲ್ಲಿ ಹತ್ತಿರ ಹತ್ತಿರ 7 ಡಿಗ್ರಿ ಫ್ಯಾರನ್‌ಹೀಟ್ ಏರಿತು. ಕೆಂಪು ಮುಗಿದ ಮೇಲೆ, ಏನೂ ಕಾಣದ ಖಾಲಿ ಜಾಗದಲ್ಲಿ ಇಟ್ಟಾಗಲೂ ಪಾದರಸ ಏರಿತು. ಎಲ್ಲಕ್ಕಿಂತ ಹೆಚ್ಚು ಬಿಸಿ ಇದ್ದದ್ದು ಕೆಂಪಿನ ಆಚೆಗೇ! (ಪ್ರಿಸಂ ಕೆಂಪಿನ ಕಡೆಯ ಕಿರಣಗಳನ್ನು ಒತ್ತೊತ್ತಾಗಿ ಬೀಳಿಸುವುದೂ ಇದಕ್ಕೆ ಒಂದು ಕಾರಣ.)

ಈ ಕಾಣದ ಕಿರಣಗಳು ಬೆಳಕಿನಂತೆಯೇ ಪ್ರತಿಫಲಿಸುತ್ತವೆ, ಬಾಗುತ್ತವೆ ಎಂದೂ ತೋರಿಸಿದ. ಅದೇ ವರ್ಷ ಗಾಜು, ನೀರು ಮುಂತಾದವುಗಳಲ್ಲಿ ಬೆಳಕು ಮತ್ತು ಶಾಖ ಬೇರೆ ಬೇರೆ ಪ್ರಮಾಣದಲ್ಲಿ ತಡೆಯಾಗುವುದನ್ನು ಅಳೆದು, ಎರಡೂ ಬೇರೆಯೇ ಎಂಬ ತಪ್ಪು ತೀರ್ಮಾನಕ್ಕೆ ಬಂದ. ಎರಡೂ ಒಂದೇ ಜಾತಿಯ ಅಲೆಗಳು, ಅಲೆಯ ಉದ್ದ ಮಾತ್ರ ಬೇರೆ ಎಂದು ಒಪ್ಪಿತವಾಗಲು ದಶಕಗಳೇ ಹಿಡಿದವು.

ಇನ್ನು ರಿಮೋಟಿನ ಮಾತು, ನನ್ನ ಹವ್ಯಾಸ ಅದೇ. 1955ರಲ್ಲಿ ಅಮೆರಿಕದ ಜೆನಿತ್ ಕಂಪನಿ ಟಿ.ವಿ.ಗೆ ಸಾಧಾರಣ ಬೆಳಕಿನ ರಿಮೋಟ್ ಮಾಡಿದಾಗ ಬಿಸಿಲು ಬಿದ್ದರೂ ಚಾನೆಲ್ ಬದಲಾಗುತ್ತಿತ್ತು. ಅವಕೆಂಪಿಗೂ ಇದೇ ತೊಡಕು, ಹರ್ಷೆಲ್ ಅದನ್ನು ಕಂಡದ್ದೇ ಬಿಸಿಲಿನಲ್ಲಲ್ಲವೇ? ಅದಕ್ಕೆ ಇಂದಿನ ರಿಮೋಟಿನ ಎಲ್‌ಇಡಿ ಸುಮ್ಮನೆ ಉರಿಯುವುದಿಲ್ಲ. ಸಾಮಾನ್ಯವಾಗಿ ಸೆಕೆಂಡಿಗೆ 38,000 ಸಲ ಮಿಣುಕುತ್ತದೆ. ಟಿ.ವಿ.ಯ ಮೂರು ಕಾಲಿನ ರಿಸೀವರ್ ಆ ವೇಗದ ಮಿಣುಕನ್ನಷ್ಟೇ ಕೇಳಿಸಿಕೊಂಡು ಬಿಸಿಲನ್ನು ಬಿಟ್ಟುಬಿಡುತ್ತದೆ. ಅದೇ ರಿಸೀವರನ್ನು ಆರ್ಡುಯಿನೋ ಬೋರ್ಡಿಗೆ ಜೋಡಿಸಿ, ಮಿಣುಕು ಎಷ್ಟು ಹೊತ್ತು ಇತ್ತು, ಎಷ್ಟು ಹೊತ್ತು ಇರಲಿಲ್ಲ ಎಂದು ಮೈಕ್ರೋಸೆಕೆಂಡುಗಳಲ್ಲಿ ಬರೆದಿಟ್ಟುಕೊಂಡರೆ ಗುಂಡಿಯ ಗುಟ್ಟು ಕೈಗೆ ಸಿಕ್ಕಂತೆ. ಜಪಾನಿನ ಎನ್‌ಇಸಿ ಪದ್ಧತಿಯಲ್ಲಿ ಮೊದಲು 9,000 ಮೈಕ್ರೋಸೆಕೆಂಡ್ ಮಿಣುಕು, 4,500 ಬಿಡುವು, ಆಮೇಲೆ 32 ಬಿಟ್‌ಗಳು. ಮಿಣುಕಿನ ನಂತರದ ಬಿಡುವು ಚಿಕ್ಕದಿದ್ದರೆ ಸೊನ್ನೆ, ದೊಡ್ಡದಿದ್ದರೆ ಒಂದು. ಗುಂಡಿಯ ಸಂಖ್ಯೆಯನ್ನು ಒಮ್ಮೆ ನೆಟ್ಟಗೆ, ಒಮ್ಮೆ ತಿರುಗುಮುರುಗು ಮಾಡಿ ಕಳಿಸುತ್ತಾರೆ, ಎರಡೂ ತಾಳೆಯಾಗದಿದ್ದರೆ ಟಿ.ವಿ. ಒಪ್ಪುವುದಿಲ್ಲ. ಬರೆದಿಟ್ಟ ಲೆಕ್ಕವನ್ನೇ ಒಂದು ಟ್ರಾನ್ಸಿಸ್ಟರ್ ಮತ್ತು ಅವಕೆಂಪು ಎಲ್‌ಇಡಿಯಿಂದ ಮರಳಿ ಕಳಿಸಿದರೆ ಹಳೆಯ ರಿಮೋಟ್ ಇಲ್ಲದೆಯೂ ಟಿ.ವಿ. ಮಾತು ಕೇಳುತ್ತದೆ. ಎ.ಸಿ.ಯ ರಿಮೋಟ್ ಸ್ವಲ್ಪ ಹಟಮಾರಿ. ಒಂದೊಂದು ಒತ್ತಿಗೂ ಉಷ್ಣತೆ, ಫ್ಯಾನಿನ ವೇಗ ಎಲ್ಲವನ್ನೂ ಸೇರಿಸಿ ಉದ್ದನೆಯ ಸಂದೇಶ ಕಳಿಸುತ್ತದೆ.

ಹರ್ಷೆಲನ ಪ್ರಯೋಗವನ್ನಂತೂ ನಮ್ಮ ಶಾಲೆಯ ಮಕ್ಕಳು ಒಂದು ಮಧ್ಯಾಹ್ನದಲ್ಲಿ ಮಾಡಬಹುದು. ಒಂದು ಪ್ರಿಸಂ, ಬುರುಡೆಗೆ ಕಪ್ಪು ಬಳಿದ ಮೂರು ಥರ್ಮಾಮೀಟರ್, ತಳಕ್ಕೆ ಬಿಳಿ ಹಾಳೆ ಹಾಸಿದ ರಟ್ಟಿನ ಪೆಟ್ಟಿಗೆ ಸಾಕು. ಸೂರ್ಯನನ್ನು ನೇರವಾಗಿ ನೋಡಬಾರದು, ಒಂದು ಥರ್ಮಾಮೀಟರ್ ನೆರಳಿನಲ್ಲಿರಲೇಬೇಕು. ಈ ಬಾರಿ ಬ್ಯಾಚಿನವರು ಶಾಲೆಗೆ ಏನಾದರೂ ಕೊಡುವುದಾದರೆ ಗೋಡೆ ಗಡಿಯಾರದ ಬದಲು ಇವನ್ನು ಕೊಡೋಣ ಎಂಬುದು ನನ್ನ ಸಲಹೆ.

1816ರಲ್ಲಿ ಹರ್ಷೆಲ್ ಸರ್ ಪದವಿ ಪಡೆದ. ಸ್ಲೌ ಎಂಬಲ್ಲಿ ಅವನು ಕಟ್ಟಿಸಿದ್ದ ನಲವತ್ತು ಅಡಿಯ ದೂರದರ್ಶಕ ನೋಡುವವರಿಗೆ ಬೆರಗು, ಕೆಲಸಕ್ಕೆ ತ್ರಾಸು. ಚಿಕ್ಕವುಗಳಲ್ಲೇ ಅವನು ಹೆಚ್ಚು ದುಡಿದ. 1822ರ ಆಗಸ್ಟ್ 25ರಂದು ಅಲ್ಲೇ ತೀರಿಕೊಂಡಾಗ ಅವನಿಗೆ ಎಂಬತ್ಮೂರು ವರ್ಷ ಒಂಬತ್ತು ತಿಂಗಳು. ಯುರೇನಸ್ ಸೂರ್ಯನನ್ನು ಒಂದು ಸುತ್ತು ಬರಲು ಹೆಚ್ಚುಕಡಿಮೆ ಇಷ್ಟೇ ಕಾಲ ಬೇಕು. ಕ್ಯಾರೊಲಿನ್ ಹ್ಯಾನೋವರಿಗೆ ಮರಳಿ, ಅಣ್ಣ ಕಂಡ ಸುಮಾರು 2,500 ನೀಹಾರಿಕೆಗಳ ಪಟ್ಟಿಯನ್ನು ಹೊಸದಾಗಿ ಜೋಡಿಸಿ, ಖಗೋಳಜ್ಞನೇ ಆಗಿದ್ದ ಅವನ ಮಗ ಜಾನ್‌ನ ಕೈಗೆ ಒಪ್ಪಿಸಿದಳು. ಆ ಕೆಲಸಕ್ಕೆ 1828ರಲ್ಲಿ ಲಂಡನ್ನಿನ ಖಗೋಳ ಸಂಘ ಅವಳಿಗೆ ಚಿನ್ನದ ಪದಕ ಕೊಟ್ಟಿತು. ಓದು ಬೇಡವೆನಿಸಿಕೊಂಡಿದ್ದ ಆ ಹುಡುಗಿ ತೊಂಬತ್ತೇಳು ವರ್ಷ ಬದುಕಿದ್ದಳು.