ಹೆಸರನ್ನೇ ಕಳೆದುಕೊಂಡ ಎಂಜಿನಿಯರ್

ತೊಂಬತ್ತರ ದಶಕದ ಟ್ರಾನ್ಸ್, ಟೆಕ್ನೊ ಹಾಡುಗಳ ಹುಚ್ಚು ಹಿಡಿದು, ಅಂಥದ್ದನ್ನು ನಾವೂ ಲ್ಯಾಪ್‌ಟಾಪ್‌ನಲ್ಲಿ ಮಾಡೋಣ ಎಂದು ಹೊರಟವರಿಗೆ ಎದುರಾಗುವ ಮೊದಲ ಪ್ರಶ್ನೆ: ಯಾವ ಸಾಫ್ಟ್‌ವೇರ್ ಸಿಂಥಸೈಸರ್ ಹಾಕಿಕೊಳ್ಳಬೇಕು? ಕಳೆದ ಸೆಮಿಸ್ಟರ್ ರಜೆಯಲ್ಲಿ ನಾನು ಉಚಿತವಾಗಿ ಸಿಕ್ಕಿದ್ದನ್ನೆಲ್ಲ ಡೌನ್‌ಲೋಡ್ ಮಾಡಿಕೊಂಡೆ. ಹಾರ್ಡ್‌ಡಿಸ್ಕ್ ತುಂಬಿತು, ರಜೆ ಮುಗಿಯಿತು, ಒಂದು ಹಾಡೂ ಮುಗಿಯಲಿಲ್ಲ. ಆದರೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಯಾವ ಸಿಂಥ್ ತೆರೆದರೂ ಪರದೆಯ ಮೇಲೆ ಅದೇ ಸಂಸಾರ. ಒಂದು ಕಡೆ ಆಸಿಲೇಟರ್, ಪಕ್ಕದಲ್ಲಿ ಫಿಲ್ಟರ್, ಅದರಾಚೆ ಎನ್ವಲಪ್. ಬಣ್ಣ ಬೇರೆ, ಕಂಪನಿ ಬೇರೆ, ಕ್ರಮ ಮಾತ್ರ ಒಂದೇ. ಇದು ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದಾಗ ಸಿಕ್ಕವರೇ ರಾಬರ್ಟ್ ಮೋಗ್.

ಇಂಗ್ಲಿಷಿನಲ್ಲಿ ಬರೆದ ಅವರ ಹೆಸರನ್ನು ನಾವೆಲ್ಲ 'ಮೂಗ್' ಎಂದೇ ಓದುತ್ತೇವೆ; ಕನ್ನಡದಲ್ಲಿ ಅದು ತಮಾಷೆಯಾಗಿಯೂ ಕೇಳುತ್ತದೆ. ಸರಿಯಾದ ಉಚ್ಚಾರ ಮೋಗ್. ಆ ಹೆಸರಿನ ಕಥೆಯೇ ಅವರ ಬದುಕಿನ ಅರ್ಧ ಕಥೆ.

ಮೋಗ್ ಹುಟ್ಟಿದ್ದು 1934ರ ಮೇ 23ರಂದು, ನ್ಯೂಯಾರ್ಕ್ ನಗರದಲ್ಲಿ. ಬೆಳೆದದ್ದು ಅಲ್ಲಿನ ಕ್ವೀನ್ಸ್ ಭಾಗದ ಫ್ಲಶಿಂಗ್‌ನಲ್ಲಿ. ಅಪ್ಪ ವಿದ್ಯುತ್ ಕಂಪನಿಯ ಎಂಜಿನಿಯರ್. ಮನೆಯ ನೆಲಮಾಳಿಗೆಯಲ್ಲಿ ಅವರದೊಂದು ಚಿಕ್ಕ ವರ್ಕ್‌ಶಾಪ್ ಇತ್ತು. ಅಮ್ಮನಿಗೆ ಮಗ ಪಿಯಾನೊ ವಾದಕ ಆಗಬೇಕೆಂಬ ಆಸೆ. ದಿನವೂ ಗಂಟೆಗಟ್ಟಲೆ ಅಭ್ಯಾಸ ಮಾಡಿಸುತ್ತಿದ್ದರು. ಹುಡುಗನಿಗೆ ಪಿಯಾನೊಗಿಂತ ಸಾಲ್ಡರಿಂಗ್ ಐರನ್ ಮೇಲೆ ಪ್ರೀತಿ. ಆದರೆ ಅಮ್ಮ ಕಲಿಸಿದ್ದೂ ವ್ಯರ್ಥವಾಗಲಿಲ್ಲ. ಮುಂದೆ ಸಂಗೀತಗಾರರು ಬಂದು ಏನಾದರೂ ಕೇಳಿದಾಗ, ಅದು ಅರ್ಥವಾಗುವಷ್ಟು ಸಂಗೀತ ಅವರ ಕಿವಿಯಲ್ಲಿ ಉಳಿದಿತ್ತು.

ಹದಿನಾಲ್ಕು, ಹದಿನೈದರ ವಯಸ್ಸಿನಲ್ಲಿ ಅವರು ಒಂದು ಪತ್ರಿಕೆಯಲ್ಲಿ ಬಂದಿದ್ದ ಸರ್ಕ್ಯೂಟ್ ನೋಡಿಕೊಂಡು ಥೆರಮಿನ್ ಕಟ್ಟಿದರು. ಥೆರಮಿನ್ ಎಂದರೆ ಮುಟ್ಟದೆಯೇ ನುಡಿಸುವ ವಾದ್ಯ. ಎರಡು ಆಂಟೆನಾಗಳ ಮುಂದೆ ಗಾಳಿಯಲ್ಲಿ ಕೈಯಾಡಿಸಿದರೆ ಒಂದು ಕೈಗೆ ಸ್ವರ ಏರಿಳಿಯುತ್ತದೆ, ಇನ್ನೊಂದಕ್ಕೆ ಧ್ವನಿ ಹೆಚ್ಚು ಕಡಿಮೆಯಾಗುತ್ತದೆ. ಇನ್ನೂ ಹತ್ತೊಂಬತ್ತು ತುಂಬಿದ ಆಸುಪಾಸಿನಲ್ಲೇ ಅಪ್ಪನ ಜೊತೆ ಸೇರಿ ಆರ್.ಎ. ಮೋಗ್ ಎಂಬ ಪುಟ್ಟ ಕಂಪನಿ ಶುರು ಮಾಡಿ ಥೆರಮಿನ್ ಮಾರತೊಡಗಿದರು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಸ್ಟಾರ್ಟಪ್. ಆಫೀಸ್ ಅಂದರೆ ಮನೆಯ ನೆಲಮಾಳಿಗೆ.

ಓದು ಒಂದು ಕಡೆ ನಡೆದೇ ಇತ್ತು. ಕ್ವೀನ್ಸ್ ಕಾಲೇಜಿನಲ್ಲಿ ಭೌತವಿಜ್ಞಾನ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಆಮೇಲೆ ಕಾರ್ನೆಲ್‌ನಲ್ಲಿ ಪಿಎಚ್‌ಡಿ. ಆ ಪಿಎಚ್‌ಡಿ ಕೈಗೆ ಬಂದದ್ದು 1965ರಲ್ಲಿ. ವರ್ಷಗಳು ಎಳೆದದ್ದಕ್ಕೆ ಕಾರಣ ಕಿಟ್ ವ್ಯಾಪಾರ. 1961ರಲ್ಲಿ ಟ್ರಾನ್ಸಿಸ್ಟರ್ ಥೆರಮಿನ್ ಬಗ್ಗೆ ಅವರು ಬರೆದ ಲೇಖನ ಪ್ರಕಟವಾದ ಮೇಲೆ ಸುಮಾರು ಸಾವಿರ ಕಿಟ್‌ಗಳಿಗೆ ಬೇಡಿಕೆ ಬಂತು. ಬೆಲೆ ಐವತ್ತು ಡಾಲರ್‌ನ ಆಸುಪಾಸು. ಸಂಸಾರ ಬೇರೆ ಇತ್ತು. ಥೀಸಿಸ್ ಕಾಯುತ್ತಾ ಕೂತಿತು.

1963ರ ಕೊನೆಯಲ್ಲಿ ನ್ಯೂಯಾರ್ಕ್ ರಾಜ್ಯದ ಸಂಗೀತ ಶಿಕ್ಷಕರ ಸಮ್ಮೇಳನವೊಂದು ರೋಚೆಸ್ಟರ್‌ನಲ್ಲಿ ನಡೆಯಿತು. ಮೋಗ್ ಅಲ್ಲಿ ಥೆರಮಿನ್ ಕಿಟ್ ಇಟ್ಟುಕೊಂಡು ಕೂತಿದ್ದರು. ಹಾಫ್‌ಸ್ಟ್ರಾ ವಿಶ್ವವಿದ್ಯಾಲಯದ ಸಂಗೀತ ಶಿಕ್ಷಕ, ಸಂಯೋಜಕ ಹರ್ಬರ್ಟ್ ಡಾಯ್ಚ್ ಬಂದು ಮಾತಿಗೆ ನಿಂತರು. ಆಗ ಎಲೆಕ್ಟ್ರಾನಿಕ್ ಸಂಗೀತ ಎಂದರೆ ಟೇಪನ್ನು ಬ್ಲೇಡಿನಿಂದ ಕತ್ತರಿಸಿ, ತುಂಡುಗಳನ್ನು ಅಂಟಿಸಿ ಮಾಡುವ ತಿಂಗಳುಗಟ್ಟಲೆಯ ಕೆಲಸ. ಇದಕ್ಕಿಂತ ಸುಲಭದ ಉಪಕರಣ ಮಾಡಬಹುದೇ ಎಂಬುದು ಡಾಯ್ಚ್ ಅವರ ಪ್ರಶ್ನೆ.

1964ರ ಬೇಸಿಗೆಯಲ್ಲಿ ಡಾಯ್ಚ್ ಟ್ರೂಮನ್ಸ್‌ಬರ್ಗ್ ಎಂಬ ಸಣ್ಣ ಊರಿಗೆ, ಮೋಗ್ ಅವರ ಅಂಗಡಿಗೆ ಬಂದರು. ಒಬ್ಬರು ಸರ್ಕ್ಯೂಟ್ ಕಟ್ಟುವುದು, ಇನ್ನೊಬ್ಬರು ಅದರಲ್ಲಿ ಸಂಗೀತ ಮಾಡಿ ನೋಡಿ ಕೊರತೆ ಹೇಳುವುದು. ಅಲ್ಲಿ ಹುಟ್ಟಿದ ವಿಚಾರ ಬಹಳ ಸರಳ. ಧ್ವನಿಯ ಪ್ರತಿಯೊಂದು ಗುಣವನ್ನೂ ವೋಲ್ಟೇಜ್‌ನಿಂದ ನಿಯಂತ್ರಿಸುವುದು. ಒಂದು ವೋಲ್ಟ್ ಏರಿಸಿದರೆ ಸ್ವರ ಸರಿಯಾಗಿ ಒಂದು ಆಕ್ಟೇವ್ ಮೇಲೆ ಹೋಗಬೇಕು, ಅಂದರೆ ಫ್ರೀಕ್ವೆನ್ಸಿ ಎರಡು ಪಟ್ಟಾಗಬೇಕು. ನಮ್ಮ ಕಿವಿ ಸ್ವರಗಳನ್ನು ಗ್ರಹಿಸುವುದೇ ಹೀಗೆ, ಕೂಡಿಕೆಯಲ್ಲಲ್ಲ, ಗುಣಾಕಾರದಲ್ಲಿ. ಮಂದ್ರ ಷಡ್ಜದಿಂದ ಮಧ್ಯ ಷಡ್ಜಕ್ಕೆ, ಅಲ್ಲಿಂದ ತಾರ ಷಡ್ಜಕ್ಕೆ ಹೋಗುವಾಗ ಆಗುವುದೂ ಇದೇ. ಆ ಗುಣಾಕಾರವನ್ನು ಟ್ರಾನ್ಸಿಸ್ಟರ್‌ನ ಸ್ವಭಾವದಿಂದಲೇ ಮಾಡಿಸಿದ್ದು ಮೋಗ್ ಅವರ ಜಾಣತನ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಸಮ್ಮೇಳನದಲ್ಲಿ ಇದರ ಬಗ್ಗೆ ಪ್ರಬಂಧ ಮಂಡಿಸಿದರು. ಮಾರಲು ಹೋದವರಲ್ಲ, ಆದರೂ ಆರ್ಡರ್ ಬಂದವು.

ಇಲ್ಲಿಂದ ಮುಂದಿನದು ನನಗೆ ಬಹಳ ಹಿಡಿಸಿದ ಭಾಗ. ಇವತ್ತು ಪ್ಲಗಿನ್‌ನಲ್ಲಿ ನಾವು ತಿರುಗಿಸುವ ಒಂದೊಂದು ಗುಂಡಿಯ ಹಿಂದೆಯೂ ಒಬ್ಬೊಬ್ಬ ಸಂಗೀತಗಾರರ ಬೇಡಿಕೆ ಇದೆ. ಕೀಲಿ ಒತ್ತಿದಾಗ ಸ್ವರ ಹೇಗೆ ಏಳಬೇಕು, ಹೇಗೆ ಇಳಿಯಬೇಕು ಎಂದು ನಿರ್ಧರಿಸುವ ಎನ್ವಲಪ್ ಬೇಕೆನಿಸಿದಾಗ, ಮೋಗ್ ಡಾಯ್ಚ್ ಅವರನ್ನು ರಸ್ತೆಯಾಚೆಯ ಹಾರ್ಡ್‌ವೇರ್ ಅಂಗಡಿಗೆ ಕಳುಹಿಸಿ ಕಾಲಿಂಗ್ ಬೆಲ್ಲಿನ ಬಟನ್ ತರಿಸಿದರು. ಮೊದಲ ಎನ್ವಲಪ್ ಪರೀಕ್ಷೆಯಾದದ್ದು ಆ ಬಟನ್ ಒತ್ತಿ. ಅದನ್ನು ಅಟ್ಯಾಕ್, ಡಿಕೇ, ಸಸ್ಟೇನ್, ರಿಲೀಸ್ ಎಂದು ನಾಲ್ಕು ಭಾಗ ಮಾಡುವ ವಿಚಾರ ಕೊಲಂಬಿಯಾದ ಸಂಯೋಜಕ ವ್ಲಾದಿಮಿರ್ ಉಸಾಚೆವ್‌ಸ್ಕಿ ಅವರದು. ವೋಲ್ಟೇಜ್‌ಗೆ ಬಗ್ಗುವ ಫಿಲ್ಟರ್ ಬೇಕೆಂದವರು ಟೊರಾಂಟೊದ ಗುಸ್ತಾವ್ ಸಿಯಾಮಾಗಾ. ಸ್ವರದಿಂದ ಸ್ವರಕ್ಕೆ ಜಾರುವ ಪೋರ್ಟಮೆಂಟೊ, ಬೆರಳಿನ ಒತ್ತಡಕ್ಕೆ ಸ್ಪಂದಿಸುವ ಕೀಬೋರ್ಡ್ ಬೇಕೆಂದವರು ವೆಂಡಿ ಕಾರ್ಲೋಸ್. ಮೋಗ್ ತಮ್ಮನ್ನು ಎಂದೂ ಸಂಗೀತಗಾರ ಎಂದು ಕರೆದುಕೊಳ್ಳಲಿಲ್ಲ. ಸಂಗೀತಗಾರರಿಗೆ ಉಪಕರಣ ಮಾಡಿಕೊಡುವ ಕಸುಬುದಾರ ಎಂಬುದೇ ಅವರ ಗುರುತಾಗಿತ್ತು.

ಆ ಫಿಲ್ಟರ್‌ಗೆ ಮಾತ್ರ ಪೇಟೆಂಟ್ ಮಾಡಿಸಿದರು. ಅರ್ಜಿ 1966ರಲ್ಲಿ, ಪೇಟೆಂಟ್ ಸಿಕ್ಕಿದ್ದು 1969ರಲ್ಲಿ. ಜೋಡಿ ಜೋಡಿ ಟ್ರಾನ್ಸಿಸ್ಟರ್‌ಗಳನ್ನು ಏಣಿಯ ಮೆಟ್ಟಿಲಿನಂತೆ ಒಂದರ ಮೇಲೊಂದು ಇಟ್ಟ ಸರ್ಕ್ಯೂಟ್ ಅದು, ಹಾಗಾಗಿ ಲ್ಯಾಡರ್ ಫಿಲ್ಟರ್ ಎಂದೇ ಹೆಸರು. ನಾಲ್ಕು ಹಂತ, ಹಂತಕ್ಕೆ 6 ಡೆಸಿಬಲ್, ಒಟ್ಟು ಆಕ್ಟೇವ್‌ಗೆ 24 ಡೆಸಿಬಲ್. ಪರೀಕ್ಷೆಗೆಂದು ಉರು ಹೊಡೆದ ಈ ಲೆಕ್ಕ ನನಗೆ ನಿಜವಾಗಿ ಅರ್ಥವಾದದ್ದು ಹೆಡ್‌ಫೋನ್‌ನಲ್ಲಿ. ಟ್ರಾನ್ಸ್ ಹಾಡಿನ ನಡುವೆ ಸ್ವರಗುಚ್ಛವೊಂದು ನೀರಿನೊಳಗಿನಿಂದ ಎಂಬಂತೆ ಮಂದವಾಗಿ ಶುರುವಾಗಿ, ನಿಧಾನವಾಗಿ ತೆರೆದುಕೊಳ್ಳುತ್ತಾ ಮೈ ಜುಮ್ಮೆನ್ನಿಸುತ್ತದಲ್ಲ, ಅದು ಲೋ-ಪಾಸ್ ಫಿಲ್ಟರ್‌ನ ಕಟ್‌ಆಫ್ ಮೇಲೇರುವ ಸದ್ದು.

1968ರಲ್ಲಿ ವೆಂಡಿ ಕಾರ್ಲೋಸ್ ಮೋಗ್ ಯಂತ್ರದಲ್ಲಿ ಬಾಖ್‌ನ ಸಂಗೀತವನ್ನು ನುಡಿಸಿ ಸ್ವಿಚ್ಡ್ ಆನ್ ಬಾಖ್ ಎಂಬ ಆಲ್ಬಂ ತಂದರು. ಯಂತ್ರ ಒಮ್ಮೆಗೆ ಒಂದೇ ಸ್ವರ ಹೊರಡಿಸುತ್ತಿತ್ತು. ಒಂದೊಂದು ಸಾಲನ್ನೂ ಬೇರೆ ಬೇರೆ ನುಡಿಸಿ ಟೇಪಿನಲ್ಲಿ ಪೇರಿಸಬೇಕಿತ್ತು. ಆಲ್ಬಂ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು, ಮೂರು ಗ್ರ್ಯಾಮಿ ಗೆದ್ದಿತು. ಮೋಗ್ ಎಂಬ ಹೆಸರು ಮನೆಮಾತಾಯಿತು. 1969ರಲ್ಲಿ ಅಂಥದೊಂದು ಯಂತ್ರ ನಮ್ಮ ದೇಶಕ್ಕೂ ಬಂತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಯೋಜಕ ಡೇವಿಡ್ ಟ್ಯೂಡರ್ ಮೋಗ್ ಮಾಡ್ಯುಲರ್ ಸ್ಥಾಪಿಸಿಕೊಟ್ಟರು. ಗೀತಾ ಸಾರಾಭಾಯ್, ಐ.ಎಸ್. ಮಾಥುರ್ ಮೊದಲಾದವರು ಅದರಲ್ಲಿ ಕೆಲಸ ಮಾಡಿದರು.

ಹೆಸರು ಬೆಳೆಯಿತು, ಲೆಕ್ಕಪುಸ್ತಕ ಸೊರಗಿತು. ಮೋಗ್ ಒಳ್ಳೆಯ ಎಂಜಿನಿಯರ್, ಆದರೆ ವ್ಯಾಪಾರಿ ಅಲ್ಲ. ಗೋಡೆಯಗಲದ ಯಂತ್ರ ಕೊಳ್ಳಬಲ್ಲವರು ಬೆರಳೆಣಿಕೆ. ಕಂಪನಿ ಉಳಿಯುತ್ತದೋ ಇಲ್ಲವೋ ಎಂಬ ಆತಂಕದಲ್ಲಿ ಅವರ ಎಂಜಿನಿಯರ್ ಬಿಲ್ ಹೆಮ್ಸತ್, ಹಳೆಯ ಬಿಡಿಭಾಗಗಳನ್ನು ಜೋಡಿಸಿ ಕೈಯಲ್ಲಿ ಹೊತ್ತೊಯ್ಯಬಹುದಾದ ಚಿಕ್ಕ ಸಿಂಥ್ ಮಾಡಿದರು. ಅದೇ 1970ರ ಮಿನಿಮೋಗ್. ಮೂರು ಆಸಿಲೇಟರ್, ಒಂದು ಲ್ಯಾಡರ್ ಫಿಲ್ಟರ್, 44 ಕೀಲಿ. ತಂತಿ ಚುಚ್ಚುವ ಗೋಜಿಲ್ಲ. 1981ರವರೆಗೆ ಸುಮಾರು ಹನ್ನೆರಡು ಸಾವಿರ ತಯಾರಾದವು.

ಆದರೆ ಅಷ್ಟರಲ್ಲಿ ಸಾಲ ಮಿತಿಮೀರಿತ್ತು. 1971ರಲ್ಲಿ ಕಂಪನಿ ಬೇರೆಯವರ ಪಾಲಾಯಿತು, 1973ರಲ್ಲಿ ನಾರ್ಲಿನ್ ಎಂಬ ದೊಡ್ಡ ಸಂಸ್ಥೆಯ ಕೈಗೆ ಹೋಯಿತು. ಕಂಪನಿಯ ಜೊತೆ ಹೆಸರೂ ಹೋಯಿತು. ತಮ್ಮದೇ ಹೆಸರಿನ ಬೋರ್ಡ್ ಇರುವ ಕಟ್ಟಡದಲ್ಲಿ ಮೋಗ್ ಸಂಬಳದ ನೌಕರರಾದರು. 1977ರಲ್ಲಿ ಅಲ್ಲಿಂದಲೂ ಹೊರಬಂದರು. ಹೊಸದಾಗಿ ಸಿಂಥ್ ಮಾಡಿದರೂ ಅದರ ಮೇಲೆ ತಮ್ಮ ಹೆಸರು ಬರೆಯುವ ಹಕ್ಕು ಅವರಿಗಿರಲಿಲ್ಲ.

ಕಾಕತಾಳೀಯ ಎಂದರೆ ಅದೇ 1977ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಜಾರ್ಜಿಯೊ ಮೊರೊಡರ್ ಮತ್ತು ಪೀಟ್ ಬೆಲೊಟ್, ಗಾಯಕಿ ಡೊನಾ ಸಮ್ಮರ್ ಅವರಿಗಾಗಿ ಐ ಫೀಲ್ ಲವ್ ಹಾಡು ಮಾಡಿದರು. ಹಿನ್ನೆಲೆ ಹೆಚ್ಚುಕಡಿಮೆ ಪೂರ್ತಿ ಮೋಗ್ ಮಾಡ್ಯುಲರ್‌ನದು. ನಿಲ್ಲದೆ ಓಡುವ ಬೇಸ್, ಗಡಿಯಾರದಷ್ಟು ಕರಾರುವಾಕ್ಕಾದ ತಾಳ. ಟೆಕ್ನೊ, ಟ್ರಾನ್ಸ್ ಎರಡರ ಬೇರೂ ಈ ಹಾಡಿನವರೆಗೆ ಹೋಗುತ್ತದೆ. ಮೋಗ್ ಬರಿಗೈಯಲ್ಲಿ ಹೊರನಡೆದ ವರ್ಷವೇ ಅವರ ಯಂತ್ರ ಮುಂದಿನ ತಲೆಮಾರಿನ ಸಂಗೀತಕ್ಕೆ ಬಾಗಿಲು ತೆಗೆದಿತ್ತು.

ನಲವತ್ತು ದಾಟಿದವರು ನಾರ್ತ್ ಕೆರೊಲೈನಾದ ಗುಡ್ಡಗಾಡಿಗೆ ಹೋಗಿ ಮೊದಲಿನಿಂದ ಶುರು ಮಾಡಿದರು. ಬಿಗ್ ಬ್ರಯರ್ ಎಂಬ ಹೆಸರಿನಲ್ಲಿ ಸಣ್ಣ ಕಾರ್ಯಾಗಾರ. ನಡುವೆ ಕೆಲವು ವರ್ಷ ಕರ್ಜ್‌ವೈಲ್ ಕಂಪನಿಯಲ್ಲಿ ಕೆಲಸ, ಆಮೇಲೆ ಆಶ್ವಿಲ್‌ನ ವಿಶ್ವವಿದ್ಯಾಲಯದಲ್ಲಿ ಪಾಠ. ಕೈಯಲ್ಲಿ ಮತ್ತೆ ಅದೇ ಹದಿಹರೆಯದ ಥೆರಮಿನ್. 1996ರಲ್ಲಿ ಅವರು ತಂದ ಈಥರ್‌ವೇವ್ ಥೆರಮಿನ್ ಕಿಟ್ ರೂಪದಲ್ಲೂ ಸಿಗುತ್ತಿತ್ತು. ಅರವತ್ತು ದಾಟಿದ ಮೇಲೆ ಹತ್ತೊಂಬತ್ತರ ಕೆಲಸ! ಕೊನೆಗೆ 2002ರಲ್ಲಿ, ಕಾನೂನು ಹೋರಾಟದ ನಂತರ ಹೆಸರು ವಾಪಸ್ ಬಂತು. ಬಿಗ್ ಬ್ರಯರ್ ಬೋರ್ಡ್ ಇಳಿದು ಮೋಗ್ ಮ್ಯೂಸಿಕ್ ಬೋರ್ಡ್ ಏರಿತು, ಮಿನಿಮೋಗ್ ವಾಯೇಜರ್ ಮಾರುಕಟ್ಟೆಗೆ ಬಂತು. ತಂತಿ, ಟ್ರಾನ್ಸಿಸ್ಟರ್‌ನ ಮನುಷ್ಯ ಎಂದು ಅವರು ಸಾಫ್ಟ್‌ವೇರನ್ನು ದೂರ ತಳ್ಳಲಿಲ್ಲ. ಫ್ರಾನ್ಸಿನ ಆರ್ಟೂರಿಯಾ 2003ರಲ್ಲಿ ಮೋಗ್ ಮಾಡ್ಯುಲರನ್ನು ಕಂಪ್ಯೂಟರಿಗೆ ಇಳಿಸಿದಾಗ ಅವರೂ ಕೈಜೋಡಿಸಿದರು. 2005ರ ಆಗಸ್ಟ್ 21ರಂದು ಮೆದುಳಿನ ಗಡ್ಡೆಯಿಂದ ತೀರಿಕೊಂಡಾಗ ಅವರಿಗೆ 71 ವರ್ಷ.

ಈಗ ಮೊದಲ ಪ್ರಶ್ನೆಗೆ ಬರೋಣ. ಯಾವ ಸಿಂಥ್? ಎಲ್ಲ ರೆಟ್ರೊ ಸದ್ದೂ ಮೋಗ್ ಅವರದಲ್ಲ. ಆ್ಯಸಿಡ್ ಹಾಡುಗಳ ಕುಳುಕುಳು ಬೇಸ್ ಜಪಾನಿನ ರೋಲ್ಯಾಂಡ್ ಟಿಬಿ-303ರದು, ಟ್ರಾನ್ಸ್‌ನ ಅಗಲವಾದ ಸೂಪರ್‌ಸಾ 1996ರ ರೋಲ್ಯಾಂಡ್ ಜೆಪಿ-8000ದು. ಆದರೆ ಅವುಗಳಲ್ಲೂ ಆಸಿಲೇಟರ್ ಆದ ಮೇಲೆ ಫಿಲ್ಟರ್, ಅದನ್ನು ಆಡಿಸಲು ಎನ್ವಲಪ್. ಒಂದನ್ನು ಕಲಿತರೆ ಉಳಿದವು ಅರ್ಧ ಬಂದಂತೆ. ಜೇಬಿನಲ್ಲಿ ದುಡ್ಡಿಲ್ಲದವರಿಗೆ ಸರ್ಜ್ ಎಕ್ಸ್‌ಟಿ ಇದೆ, ಪೂರ್ತಿ ಉಚಿತ, ಓಪನ್ ಸೋರ್ಸ್. ಅದರ ಫಿಲ್ಟರ್ ಪಟ್ಟಿಯಲ್ಲಿ ಲ್ಯಾಡರ್ ಕೂಡ ಇದೆ. ವೈಟಲ್‌ಗೆ ಉಚಿತ ಆವೃತ್ತಿ ಇದೆ, ಅಲೆಗಳು ಬದಲಾಗುವುದು ಕಣ್ಣಿಗೇ ಕಾಣುತ್ತದೆ. ಒಳಗೆ ಏನು ನಡೆಯುತ್ತದೆ ಎಂದು ತಿಳಿಯುವ ಕುತೂಹಲ ಇದ್ದರೆ ವಿಸಿವಿ ರ್‍ಯಾಕ್ ಹಾಕಿಕೊಳ್ಳಿ. ಅಲ್ಲಿ ಪರದೆಯ ಮೇಲೇ ತಂತಿ ಎಳೆದು ಜೋಡಿಸಬೇಕು. ಅದು ಬರೀ ಸಾಫ್ಟ್‌ವೇರ್, ಒಳಗೆ ಕರೆಂಟೂ ಇಲ್ಲ, ವೋಲ್ಟೂ ಇಲ್ಲ. ಆದರೂ ಒಂದು ಆಕ್ಟೇವ್‌ಗೆ ಒಂದು ವೋಲ್ಟ್ ಎಂಬ ನಿಯಮವನ್ನೇ ಅದು ಇವತ್ತಿಗೂ ಪಾಲಿಸುತ್ತದೆ.

ನಾನು ಒಂದೇ ಸಿಂಥ್ ಇಟ್ಟುಕೊಂಡು ಉಳಿದದ್ದನ್ನೆಲ್ಲ ಅಳಿಸಿದೆ. ಮೊದಲು ಕಿವಿಯಲ್ಲಿ ಯಾವ ಸದ್ದು ಬೇಕೆಂದು ಗೊತ್ತಿರಬೇಕು, ಉಪಕರಣ ಆಮೇಲೆ. ಮೋಗ್ ಅಂಗಡಿಯಲ್ಲಿ ನಡೆದದ್ದೂ ಅದೇ ಕ್ರಮ. ಪ್ಲೇಸ್‌ಮೆಂಟ್‌ಗೆಂದು ಕೋರ್ಸ್ ಮೇಲೆ ಕೋರ್ಸ್, ಸರ್ಟಿಫಿಕೇಟ್ ಮೇಲೆ ಸರ್ಟಿಫಿಕೇಟ್ ಪೇರಿಸುವ ನಮಗೆ ಇದು ಸಂಗೀತದ ಮಾತು ಮಾತ್ರ ಅಲ್ಲ ಅನಿಸುತ್ತದೆ. ಮೋಗ್ ಕಂಪನಿ ಕಳೆದುಕೊಂಡರು, ಇಪ್ಪತ್ತೈದು ವರ್ಷ ಹೆಸರನ್ನೂ ಕಳೆದುಕೊಂಡರು. ಕೈಯ ವಿದ್ಯೆಯನ್ನು ಮಾತ್ರ ಯಾರೂ ಕೊಂಡುಕೊಳ್ಳಲಾಗಲಿಲ್ಲ. ಹೆಸರು ಮರಳಿ ಬಂದದ್ದೂ ಆ ವಿದ್ಯೆ ಅಷ್ಟು ಕಾಲ ಕೆಲಸ ಮಾಡುತ್ತಲೇ ಇದ್ದದ್ದರಿಂದ.