ಮುದ್ರಿಕೆಯಲ್ಲಿ ಉಳಿದ ಹೆಸರು

ಹಾಡು ಹಾಡಿದವರ ಕಾಲಕ್ಕೇ ಮುಗಿದುಹೋಗುವುದು ಬಹುಕಾಲದ ನಿಯಮವಾಗಿತ್ತು. 1877ರಲ್ಲಿ ಎಡಿಸನ್ ಫೋನೋಗ್ರಾಫ್ ಯಂತ್ರವನ್ನು ನಿರ್ಮಿಸಿದಾಗ ಆ ನಿಯಮ ಮುರಿಯಿತು. ಮೊದಲು ತವರದ ಹಾಳೆ ಸುತ್ತಿದ ಉರುಳೆಯ ಮೇಲೆ, ಅನಂತರ ಮೇಣದ ಉರುಳೆಯ ಮೇಲೆ ದನಿಯನ್ನು ಕೊರೆಯಲಾಯಿತು. ಉರುಳೆಯ ಮೈತುಂಬ ದನಿಯ ಗೆರೆಗಳೇ ಇದ್ದುದರಿಂದ ಹೆಸರಿನ ಚೀಟಿಗೆ ಅಲ್ಲಿ ಎಡೆಯಿರಲಿಲ್ಲ. ಅದು ಡಬ್ಬಿಯ ಮೇಲಿರುತ್ತಿತ್ತು. ಡಬ್ಬಿ ಕಳೆದರೆ ಹಾಡಿದವರ ಗುರುತೂ ಕಳೆಯುತ್ತಿತ್ತು. ಆದುದರಿಂದ ಹೆಸರನ್ನು ಬಾಯಿಂದ ಹೇಳಿ ಉರುಳೆಯಲ್ಲಿಯೇ ಮುದ್ರಿಸುವ ರೂಢಿ ಬೆಳೆಯಿತು. ಉರುಳೆಗಳ ಬಳಿಕ ಬಂದ ಕರಿಯ ತಟ್ಟೆಗಳಲ್ಲಿ ಈ ರೂಢಿಯನ್ನು ಭಾರತದಲ್ಲಿ ಮನೆಮಾತಾಗಿಸಿದವರು ಗೌಹರ್ ಜಾನ್.

ಅವರು 1873ರಲ್ಲಿ ಇಂದಿನ ಉತ್ತರ ಪ್ರದೇಶದ ಆಜಂಗಢದಲ್ಲಿ ಜನಿಸಿದರು. ಹುಟ್ಟಿದಾಗ ಇಟ್ಟ ಹೆಸರು ಏಂಜಲೀನಾ ಯೋವಾರ್ಡ್. ತಂದೆತಾಯಿಗಳು ಬೇರೆಯಾದ ಮೇಲೆ ತಾಯಿ ಮಗಳೊಡನೆ ಕಾಶಿಗೆ ಬಂದು ಇಸ್ಲಾಂ ಮತವನ್ನು ಸ್ವೀಕರಿಸಿ ಮಲ್ಕಾ ಜಾನ್ ಎನಿಸಿದರು. ಮಗಳು ಗೌಹರ್ ಆದಳು. ಗೌಹರ್ ಎಂದರೆ ರತ್ನ. 1883ರಲ್ಲಿ ಅವರು ಕಲಕತ್ತೆಯಲ್ಲಿ ನೆಲೆಸಿದರು. ತಾಯಿ ಹೆಸರಾಂತ ಗಾಯಕಿ. ಮಗಳು ಹಿಂದೂಸ್ತಾನಿ ಸಂಗೀತವನ್ನೂ, ಬಿಂದಾದಿನ್ ಮಹಾರಾಜರಲ್ಲಿ ಕಥಕ್ ನೃತ್ಯವನ್ನೂ ಕಲಿತು, ಹದಿಹರೆಯದಲ್ಲಿಯೇ ದರ್ಭಾಂಗದ ಅರಮನೆಯಲ್ಲಿ ಹಾಡಿ ಮೆಚ್ಚುಗೆ ಪಡೆದಳು.

1902ರಲ್ಲಿ ಲಂಡನ್ನಿನ ಗ್ರಾಮೋಫೋನ್ ಕಂಪನಿಯ ಗೈಸ್‌ಬರ್ಗ್ ಎಂಬಾತ ಗಾಯಕರನ್ನು ಅರಸಿ ಕಲಕತ್ತೆಗೆ ಬಂದನು. ಯಂತ್ರದ ಮುಂದೆ ಹಾಡಿದರೆ ಕಂಠ ಕೆಟ್ಟೀತೆಂದು ಅನೇಕ ವಿದ್ವಾಂಸರು ಹಿಂಜರಿದರು. ಗೌಹರ್ ಜಾನ್ ಹಿಂಜರಿಯಲಿಲ್ಲ. ದೊಡ್ಡ ಕಹಳೆಯೊಂದರ ಬಾಯಿಗೆ ಮುಖವಿಟ್ಟು, ಗಂಟೆಗಟ್ಟಲೆ ಹರಡಬಹುದಾದ ರಾಗವನ್ನು ಮೂರು ನಿಮಿಷಗಳಿಗೆ ಇಳಿಸಿ ಹಾಡುವ ಕಠಿನ ಕಲೆ ಅವರಿಗೆ ಒಲಿಯಿತು. ಹಾಡು ಮುಗಿದೊಡನೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ಅದು ಬಿಂಕವಲ್ಲ. ಮೇಣದ ಮೂಲಮುದ್ರಿಕೆಗಳು ಜರ್ಮನಿಯ ಹ್ಯಾನೋವರ್ ನಗರಕ್ಕೆ ಹೋಗಿ ಅಲ್ಲಿ ತಟ್ಟೆಗಳಾಗುತ್ತಿದ್ದವು. ನಮ್ಮ ಭಾಷೆಯನ್ನರಿಯದ ಅಲ್ಲಿನ ಕೆಲಸಗಾರರು ಆ ದನಿಯನ್ನು ಕೇಳಿಯೇ ಸರಿಯಾದ ಚೀಟಿ ಅಂಟಿಸಬೇಕಾಗಿತ್ತು.

ಹೀಗೆ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಅವರ ಸುಮಾರು 600 ಮುದ್ರಿಕೆಗಳು ಹೊರಬಂದವು. ಅಥಣಿ ಸೀಮೆಯ ತೆಲಸಂಗದಲ್ಲಾಗಲಿ ಮೈಸೂರಿನಲ್ಲಾಗಲಿ, ಹಳೆಯ ಮನೆಯ ಅಟ್ಟದಲ್ಲಿ ಅಂಥ ತಟ್ಟೆಯೊಂದು ದೊರೆತರೆ ಅದನ್ನು ಓದುವ ಬಗೆಯುಂಟು. ನಡುವಿನ ಚೀಟಿಯಲ್ಲಿ ಗರಿ ಹಿಡಿದು ಬರೆಯುವ ದೇವದೂತನ ಚಿತ್ರವಿದ್ದರೆ ಅದು ಕಂಪನಿಯ ಆರಂಭದ ವರ್ಷಗಳದು. ಕಹಳೆಗೆ ಕಿವಿಗೊಟ್ಟ ನಾಯಿಯ ಚಿತ್ರವಿದ್ದರೆ ಅನಂತರದ್ದು. ಒಂದೇ ಮಗ್ಗುಲಲ್ಲಿ ಹಾಡಿದ್ದರೆ ಅದೂ ಹಳೆಯ ಕಾಲದ ಗುರುತು. ಚೀಟಿ ಕಿತ್ತುಹೋಗಿದ್ದರೂ ಅದರ ಅಂಚಿನ ಬಳಿ ಕೊರೆದ ಅಂಕಿಗಳು ಉಳಿದಿರುತ್ತವೆ. ಗೌಹರ್ ಜಾನ್ ಅವರ ಹಲವು ತಟ್ಟೆಗಳಿಗೆ ಇದಕ್ಕೂ ಮಿಗಿಲಾದ ಸಾಕ್ಷಿಯುಂಟು. ಅವುಗಳನ್ನು ನುಡಿಸಿದರೆ ಸಾಕು, ತಟ್ಟೆಯೇ ತನ್ನ ಒಡತಿಯ ಹೆಸರನ್ನು ಹೇಳುತ್ತದೆ.

ಹೆಸರನ್ನು ಹೀಗೆ ಲೋಕಕ್ಕೆ ಸಾರಿದವರ ಬಾಳು ಸುಖಮಯವಾಗಿರಲಿಲ್ಲ. ವೃತ್ತಿಗಾಯಕಿಯರ ಹಾಡನ್ನು ಮೆಚ್ಚಿದ ಸಮಾಜ ಅವರನ್ನು ಗೌರವದಿಂದ ಕಾಣಲಿಲ್ಲ. 1911ರ ದೆಹಲಿ ದರ್ಬಾರಿನಲ್ಲಿ ಹಾಡಿದ ಅದೇ ಗಾಯಕಿ, ತಾಯಿಯ ಮರಣಾನಂತರ ಆಸ್ತಿಯ ವ್ಯಾಜ್ಯದಲ್ಲಿ ತಾನು ಯಾರ ಮಗಳೆಂಬುದನ್ನೇ ನ್ಯಾಯಾಲಯದಲ್ಲಿ ರುಜುವಾತುಪಡಿಸಬೇಕಾಯಿತು. ವ್ಯಾಜ್ಯಗಳಲ್ಲಿ ಸಂಪತ್ತು ಕರಗಿತು, ನಂಬಿದವರು ದೂರವಾದರು.

ಆಗ ಅವರಿಗೆ ಆಸರೆಯಿತ್ತದ್ದು ಕನ್ನಡ ನಾಡು. ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಅವರನ್ನು ಮೈಸೂರು ಆಸ್ಥಾನದ ಗಾಯಕಿಯನ್ನಾಗಿ ನೇಮಿಸಿದರು. ಆದರೆ ದಣಿದ ಜೀವ ಬಹುಕಾಲ ಬಾಳಲಿಲ್ಲ. 1930ರ ಜನವರಿ 17ರಂದು ಮೈಸೂರಿನಲ್ಲಿಯೇ ಅವರು ಕೊನೆಯುಸಿರೆಳೆದರು.

ಕಾಲಾಂತರದಲ್ಲಿ ಲೋಕ ಅವರನ್ನು ಬಹುಮಟ್ಟಿಗೆ ಮರೆಯಿತು. ಮೈಸೂರು ಅರಮನೆಯ ಕಡತಗಳಲ್ಲಿ ದೊರೆತ ಕಾಗದಗಳ ಜಾಡು ಹಿಡಿದು ವಿಕ್ರಮ್ ಸಂಪತ್ ಅವರು ಬರೆದ ಜೀವನಚರಿತ್ರೆ 2010ರಲ್ಲಿ ಪ್ರಕಟವಾದಾಗ ಆ ಬಾಳು ಮತ್ತೆ ಬೆಳಕಿಗೆ ಬಂದಿತು. ಕಾಗದದ ಚೀಟಿ ಮಾಸುತ್ತದೆ, ಸಂಪತ್ತು ಕೈಬಿಡುತ್ತದೆ. ಆದರೆ ಹಳೆಯ ತಟ್ಟೆಯ ಮೇಲೆ ಮುಳ್ಳನ್ನಿಟ್ಟಾಗ ಗರಗರ ಸದ್ದಿನ ನಡುವೆ ಹಾಡು ಮುಗಿಯುತ್ತದೆ. ಒಂದು ಕ್ಷಣದ ಬಳಿಕ, ಯಾರ ರುಜುವಾತೂ ಬೇಡವೆಂಬಂತೆ, ಆ ಹೆಣ್ಣುಮಗಳು ತನ್ನ ಹೆಸರನ್ನು ತಾನೇ ಹೇಳುತ್ತಾಳೆ.