ನೆಕ್ಕರ್ ತೀರದಿಂದ ಕಾವೇರಿಗೆ: ಕವಿ ಇಕ್ಬಾಲ್

ಜರ್ಮನಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವವರು ನಿಘಂಟುಕಾರ ಕಿಟೆಲ್. 1903ರಲ್ಲಿ ಅವರು ಕಣ್ಣುಮುಚ್ಚಿದ ಟ್ಯೂಬಿಂಗನ್ ನೆಕ್ಕರ್ ನದಿಯ ಮೇಲಿನ ಊರು. ಅದೇ ನದಿಯ ಜಾಡು ಹಿಡಿದು ಹೈಡೆಲ್‌ಬರ್ಗಿಗೆ ಬಂದರೆ ಅಲ್ಲೊಂದು ದಂಡೆಗೆ ‘ಇಕ್ಬಾಲ್ ಊಫರ್’ ಎಂದು ಹೆಸರು. ಊಫರ್ ಎಂದರೇನೆಂದು ಇಲ್ಲಿ ನೆಲೆಸಿದ ನಮಗೆ ಹೇಳಬೇಕಾಗಿಲ್ಲ. ಇಕ್ಬಾಲ್ ಯಾರೆಂದು ನಮ್ಮ ಮಕ್ಕಳು ಕೇಳಿದರೆ ಮಾತ್ರ ಉತ್ತರ ಅಷ್ಟು ಸುಲಭವಲ್ಲ.

ಮಹಮ್ಮದ್ ಇಕ್ಬಾಲರು ಹುಟ್ಟಿದ್ದು 1877ರಲ್ಲಿ, ಪಂಜಾಬಿನ ಸಿಯಾಲ್‌ಕೋಟಿನಲ್ಲಿ. ಪೂರ್ವಿಕರು ಕಾಶ್ಮೀರಿ ಬ್ರಾಹ್ಮಣರು. ಸ್ವಾತಂತ್ರ್ಯೋತ್ಸವದ ದಿನ ನಮ್ಮ ಸಂಘಗಳಲ್ಲಿ ಎಲ್ಲರೂ ಕೂಡಿ ಹಾಡುವ ಹಿಂದೂಸ್ಥಾನದ ಹಾಡನ್ನು 1904ರಲ್ಲಿ ಬರೆದವರು ಇವರೇ. ಕೇಂಬ್ರಿಜ್‌ನಲ್ಲಿ ಓದಿ 1907ರಲ್ಲಿ ಜರ್ಮನಿಗೆ ಬಂದರು. ಹೈಡೆಲ್‌ಬರ್ಗಿನಲ್ಲಿ ಎಮ್ಮಾ ವೇಗೆನಾಸ್ಟ್ ಎಂಬಾಕೆ ಅವರಿಗೆ ಜರ್ಮನ್ ಕಲಿಸಿದರು, ಗಯಟೆಯ ಕಾವ್ಯವನ್ನು ಓದಿಸಿದರು. ಅದೇ ವರ್ಷ ನವೆಂಬರಿನಲ್ಲಿ ಮ್ಯೂನಿಕ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಬಂತು. ಪ್ರಬಂಧದ ವಿಷಯ ಪರ್ಷಿಯಾದ ತತ್ತ್ವಚಿಂತನೆ: ಜರತುಷ್ಟ್ರನಿಂದ ಹಿಡಿದು ಸೂಫಿಗಳನ್ನು ಹಾದು ಹತ್ತೊಂಬತ್ತನೆಯ ಶತಮಾನದವರೆಗಿನ ಕಥೆ.

ಮಧ್ಯಯುಗದಲ್ಲಿ ಅಷ್ಟು ಚುರುಕಾಗಿದ್ದ ಇಸ್ಲಾಮಿನ ಚಿಂತನೆ ಆಮೇಲೆ ಏಕೆ ನಿಂತ ನೀರಾಯಿತು? ಜೀವನಪೂರ್ತಿ ಅವರನ್ನು ಕಾಡಿದ ಪ್ರಶ್ನೆ ಇದು. ಐದು ನೂರು ವರ್ಷಗಳಿಂದ ಅದು ಕದಲಿಲ್ಲ ಎಂಬುದು ಅವರ ಅಭಿಪ್ರಾಯ. ಹಳಬರ ವ್ಯಾಖ್ಯಾನಗಳಿಗೆ ಜೋತುಬೀಳದೆ ಪ್ರತಿ ತಲೆಮಾರೂ ಧರ್ಮಶಾಸ್ತ್ರವನ್ನು ತಾನೇ ಯೋಚಿಸಿ ಅರ್ಥೈಸಬೇಕೆಂದು ವಾದಿಸಿದರು. ಈ ಮಾತು ಇಂದಿಗೂ ಅನೇಕರಿಗೆ ಕಹಿಯೇ.

ಇದೇ ವಿಚಾರವಾಗಿ ಉಪನ್ಯಾಸ ಕೊಡಲು 1929ರ ಜನವರಿಯಲ್ಲಿ ಮದ್ರಾಸಿಗೆ ಬಂದವರು ಬೆಂಗಳೂರು, ಮೈಸೂರುಗಳಿಗೂ ಬಂದರು. ಶ್ರೀರಂಗಪಟ್ಟಣದಲ್ಲಿ ಟೀಪೂ ಸುಲ್ತಾನನ ಗೋರಿಯ ಮುಂದೆ ನಿಂತರು. ಆ ಭೇಟಿಯ ಫಲ 1932ರ ಪರ್ಷಿಯನ್ ಕಾವ್ಯ ‘ಜಾವೀದ್ ನಾಮಾ’ದಲ್ಲಿದೆ. ಹದಿಮೂರನೆಯ ಶತಮಾನದ ಸೂಫಿ ಕವಿ ರೂಮಿಯ ಕೈಹಿಡಿದು ಕವಿ ಗ್ರಹಗಳನ್ನು ಸುತ್ತುತ್ತಾನೆ. ಚಂದ್ರನಲ್ಲಿ ವಿಶ್ವಾಮಿತ್ರ, ಮೇಲಿನ ಲೋಕದಲ್ಲಿ ಭರ್ತೃಹರಿ ಸಿಗುತ್ತಾರೆ! ಟೀಪೂ ಸಿಕ್ಕಾಗ ಕೇಳುವುದು ತನ್ನ ನಾಡಿನ ಸುದ್ದಿ, ಕಳುಹಿಸುವುದು ಕಾವೇರಿ ನದಿಗೆ ಒಂದು ಸಂದೇಶ. ಪಂಜಾಬಿನ ಕವಿಯೊಬ್ಬರು ಪರ್ಷಿಯನ್ನಿನಲ್ಲಿ ನಮ್ಮ ಕಾವೇರಿಯನ್ನು ಮಾತನಾಡಿಸಿದ್ದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಇಷ್ಟಾದರೂ, ಅವರ ಹೆಸರೆತ್ತಿದರೆ ನಮ್ಮಲ್ಲಿ ಹಲವರ ಮನಸ್ಸು ಮುದುಡುತ್ತದೆ. 1930ರ ಡಿಸೆಂಬರಿನಲ್ಲಿ ಅಲಹಾಬಾದಿನ ಮುಸ್ಲಿಂ ಲೀಗ್ ಅಧಿವೇಶನದ ಅಧ್ಯಕ್ಷರಾಗಿ, ವಾಯವ್ಯದ ಮುಸ್ಲಿಂ ಬಹುಸಂಖ್ಯಾತ ಪ್ರಾಂತಗಳನ್ನು ಒಂದೇ ರಾಜ್ಯವಾಗಿ ಕೂಡಿಸಬೇಕೆಂದು ಅವರು ಕೇಳಿದರು. 1938ರಲ್ಲಿ ಲಾಹೋರಿನಲ್ಲಿ ತೀರಿಕೊಂಡ ಅವರು ದೇಶವಿಭಜನೆಯನ್ನು ನೋಡಲಿಲ್ಲ, ಆದರೆ ಅದರ ಋಣದಿಂದ ಅವರ ಹೆಸರು ಮುಕ್ತವಾಗಲಿಲ್ಲ. ಹಾಡನ್ನು ಇಟ್ಟುಕೊಂಡು ಹಾಡಿದವರನ್ನು ಮರೆಯುವುದು ಸುಲಭದ ದಾರಿ, ನಮಗದು ಸರಿತೋರದು. ಎರಡೂ ಅವರೇ ಎಂದು ಮಕ್ಕಳಿಗೆ ಹೇಳೋಣ.

ಊರಿಗೆ ಮರಳಿದ ಮೇಲೂ ಎಮ್ಮಾ ಅವರಿಗೆ ಇಕ್ಬಾಲರು ವರ್ಷಗಟ್ಟಲೆ ಪತ್ರ ಬರೆಯುತ್ತಿದ್ದರು. ಹೈಡೆಲ್‌ಬರ್ಗನ್ನು ಮತ್ತೊಮ್ಮೆ ನೋಡುವ ಆಸೆ ಕೈಗೂಡಲಿಲ್ಲ. ಗಯಟೆಗೆ ಉತ್ತರವಾಗಿ ‘ಪಯಾಮ್-ಎ-ಮಶ್ರಿಕ್’ ಬರೆದು 1923ರಲ್ಲಿ ಪ್ರಕಟಿಸಿದರು. ‘ಜಾವೀದ್ ನಾಮಾ’ವನ್ನು ವಿದುಷಿ ಆನ್ನೆಮಾರಿ ಶಿಮ್ಮೆಲ್ 1957ರಲ್ಲಿ ಜರ್ಮನ್ ಪದ್ಯಕ್ಕೆ ತಂದರು. ಹಾಗಾಗಿ ಕಾವೇರಿಗೆ ಕಳುಹಿಸಿದ ಆ ಸಂದೇಶವನ್ನು ಇಲ್ಲೇ ಬೆಳೆದ ನಮ್ಮ ಮಕ್ಕಳು ತಮ್ಮ ಶಾಲೆಯ ಭಾಷೆಯಲ್ಲೇ ಓದಬಹುದು.